ಗಡಿಯ ಎರಡು ಬದಿಯ ಕಲ್ಲುಗಳು: ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಯ ಚರಿತ್ರೆಯ ಕುರುಹುಗಳು

ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟ 1898ರಲ್ಲಿ ಅಚ್ಚಾಯಿತು. ಅದರಲ್ಲಿ ಯಳಂದೂರಿನ ಶಾಸನಗಳಿವೆ, ಪಕ್ಕದ ಕೊಳ್ಳೇಗಾಲ ತಾಲ್ಲೂಕಿನವು ಇಲ್ಲ. ಎರಡು ಊರುಗಳ ನಡುವಿನ ದಾರಿ ಇಪ್ಪತ್ತು ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಯಳಂದೂರನ್ನು ಹಾದುಬರುವ ಹೊನ್ನುಹೊಳೆ ಕೊಳ್ಳೇಗಾಲದ ನೆಲದಲ್ಲೇ ಕಾವೇರಿಗೆ ಸೇರುತ್ತದೆ. ಎರಡೂ ಕಡೆಯ ಮಾತು ಕನ್ನಡ, ಒಕ್ಕಲು ಒಂದೇ, ದೇವರುಗಳೂ ಒಂದೇ. ಆದರೂ ಒಂದು ಕಡೆಯ ಕಲ್ಲುಗಳು ಗ್ರಂಥಕ್ಕೆ ಬಂದವು, ಇನ್ನೊಂದು ಕಡೆಯವು ಹೊರಗೆ ಉಳಿದವು. ಈ ಸೀಮೆಯ ಚರಿತ್ರೆ ಇಂದಿಗೂ ಬಿಡಿಬಿಡಿಯಾಗಿ ಕಾಣುವುದಕ್ಕೆ ಕಲ್ಲುಗಳ ಕೊರತೆ ಕಾರಣವಲ್ಲ, 1799ರಲ್ಲಿ ಎಳೆದ ಒಂದು ಗಡಿ ಕಾರಣ ಎಂಬುದು ಈ ಲೇಖನದ ವಾದ.

ಆ ವರ್ಷ ಟಿಪ್ಪು ಸುಲ್ತಾನ್ ಮಡಿದ ಮೇಲೆ ಅವನ ರಾಜ್ಯವನ್ನು ಹಂಚಿಕೊಂಡಾಗ ಕೊಳ್ಳೇಗಾಲ ಈಸ್ಟ್ ಇಂಡಿಯಾ ಕಂಪನಿಯ ಪಾಲಿಗೆ ಬಂದು ಕೊಯಮತ್ತೂರು ಜಿಲ್ಲೆಗೆ ಸೇರಿತು. ಜಿಲ್ಲೆಯ ಬಹುಭಾಗ ಘಟ್ಟದ ಕೆಳಗೆ, ಈ ತಾಲ್ಲೂಕು ಘಟ್ಟದ ಮೇಲೆ. ಯಳಂದೂರು ಮೈಸೂರಿನಲ್ಲೇ ಉಳಿಯಿತು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಹೀಗೆ ಒಂದೇ ಸೀಮೆಯ ಕಾಗದಪತ್ರಗಳು ಮೂರು ಕಡೆಗೆ ಚದುರಿದವು: ಮದರಾಸಿನ ಕಚೇರಿಗೆ, ಮೈಸೂರಿನ ಕಚೇರಿಗೆ, ಜಹಗೀರುದಾರರ ಮನೆಗೆ.

ಮೊದಲು ಯಳಂದೂರನ್ನು ನೋಡೋಣ. ಊರಿನ ನಡುವಿನ ಗೌರೀಶ್ವರ ದೇವಾಲಯ ವಿಜಯನಗರ ಕಾಲದ ಶೈಲಿಯದು. ಅದನ್ನು ಕಟ್ಟಿಸಿದವರು ಪದಿನಾಡಿನ ಪ್ರಭುಗಳು. ಹದಿನಾಡು ಎಂದೂ ಬರೆಯುವುದುಂಟು. ಜನ ನೋಡಲು ಬರುವುದು ಅದರ ಮುಂದಿನ ಮಹಾದ್ವಾರವನ್ನು. ಕಲ್ಲಿನಲ್ಲೇ ಕೊರೆದು ಒಂದಕ್ಕೊಂದು ಕೊಂಡಿ ಹಾಕಿದ ಬಳೆಗಳ ಸರಪಳಿ ಇರುವುದರಿಂದ ಅದಕ್ಕೆ ಬಳೆಮಂಟಪ ಎಂಬ ಹೆಸರು. ಇದನ್ನು ಕಟ್ಟಿಸಿದವನು ಮುದ್ದರಾಜ, ಕಾಲ 1654ರ ಸುಮಾರು. ಪದಿನಾಡು ಪ್ರಭುಗಳ ವಂಶಾವಳಿಯನ್ನು ತಿಳಿಸುವ ಇಲ್ಲಿನ ಶಾಸನವೂ ಅದೇ ಕಾಲದ್ದು. ಸಣ್ಣ ಪಾಳೆಯಪಟ್ಟೊಂದು ಇಷ್ಟು ಸೂಕ್ಷ್ಮ ಕೆಲಸಕ್ಕೆ ಕೈಹಾಕಿದ್ದು ಏಕೆ ಎಂಬುದಕ್ಕೆ ಉತ್ತರ ಆ ಕಾಲದ ರಾಜಕೀಯದಲ್ಲಿದೆ ಎಂದು ನನಗೆ ತೋರುತ್ತದೆ. ಶ್ರೀರಂಗಪಟ್ಟಣದ ಒಡೆಯರು ಸುತ್ತಲಿನ ಪಾಳೆಯಪಟ್ಟುಗಳನ್ನು ಒಂದೊಂದಾಗಿ ತಮ್ಮ ಅಧೀನಕ್ಕೆ ತರುತ್ತಿದ್ದ ದಿನಗಳವು. ಅಂಥ ಹೊತ್ತಿನಲ್ಲಿ ತನ್ನ ಮುತ್ತಾತಂದಿರ ಹೆಸರುಗಳನ್ನು ಕಲ್ಲಿಗೆ ಏರಿಸಿದವನು ಬರೀ ಪುಣ್ಯಕ್ಕಾಗಿ ಹಾಗೆ ಮಾಡಿಸಿದ ಎನ್ನಲಾಗದು.

ಕಲ್ಲಿನಾಚೆಗೂ ಯಳಂದೂರಿಗೆ ಸಾಕ್ಷ್ಯಗಳಿವೆ. ‘ರಾಜಶೇಖರ ವಿಳಾಸ’ದ ಕವಿ ಷಡಕ್ಷರದೇವ ಇಲ್ಲಿನ ಮಠದ ಅಧಿಪತಿಯಾಗಿದ್ದವನು, ಅವನ ಗದ್ದುಗೆಯೂ ಇಲ್ಲಿದೆ. ಚಿಕ್ಕದೇವರಾಜ ಒಡೆಯರ ಮಂತ್ರಿಯಾಗಿದ್ದ ಜೈನ ವಿಶಾಲಾಕ್ಷ ಪಂಡಿತ ಇದೇ ಊರಿನವನು. ಅದೇ ಅರಸರ ರಾಣಿ ದೇವಾಜಮ್ಮಣ್ಣಿ ಯಳಂದೂರಿನ ಪ್ರಭುಮನೆತನದ ಮಗಳು. ಆಕೆಯೊಡನೆ ಅರಮನೆಗೆ ಹೋದ ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದಳು. ಒಬ್ಬ ಮಠಾಧಿಪತಿ, ಒಬ್ಬ ಜೈನ ಮಂತ್ರಿ, ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಒಬ್ಬ ಹೆಣ್ಣುಮಗಳು: ಒಂದು ಸಣ್ಣ ಊರು ಒಂದೇ ಶತಮಾನದಲ್ಲಿ ಈ ಮೂವರನ್ನೂ ಕಂಡಿತು. ಪ್ರಭುಗಳ ವಂಶಾವಳಿಗೆ ಕಲ್ಲು ಸಿಕ್ಕಿತು. ಹೊನ್ನಮ್ಮನ ಹೆಸರನ್ನು ಕಾವ್ಯವೇ ಕಾಪಾಡಬೇಕಾಯಿತು.

ಇನ್ನು ಕೊಳ್ಳೇಗಾಲ. ಈ ಕಡೆಯ ಕುರುಹುಗಳಲ್ಲಿ ಶಿವನಸಮುದ್ರದ್ದೇ ದೊಡ್ಡ ಅಧ್ಯಾಯ. ಕಾವೇರಿ ಎರಡಾಗಿ ಒಡೆದು ಬಳಸಿರುವ ಈ ನಡುಗಡ್ಡೆ ಉಮ್ಮತ್ತೂರಿನ ಪಾಳೆಯಗಾರರ ಕೋಟೆಯಾಗಿತ್ತು. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸತರಲ್ಲೇ ಇಲ್ಲಿಗೆ ದಂಡೆತ್ತಿ ಬಂದು ಗಂಗರಾಜನನ್ನು ಸೋಲಿಸಿದ. ಆಮೇಲೆ ಊರು ಹಾಳುಬಿದ್ದು ಕಾಡು ಬೆಳೆಯಿತು. ಅದನ್ನು ಮತ್ತೆ ಜನವಸತಿಗೆ ತಂದವರು ಮೈಸೂರು ರೆಸಿಡೆಂಟರ ಬಳಿ ಕೆಲಸದಲ್ಲಿದ್ದ ರಾಮಸ್ವಾಮಿ ಮೊದಲಿಯಾರ್. ದೇವಾಲಯಗಳನ್ನು ಜೀರ್ಣೋದ್ಧಾರ ಮಾಡಿಸಿ, ಹೊಳೆಯ ಎರಡೂ ಕವಲುಗಳಿಗೆ ಕಲ್ಲಿನ ಸೇತುವೆ ಕಟ್ಟಿಸಿದರು. ಮೆಚ್ಚಿದ ಬ್ರಿಟಿಷ್ ಸರ್ಕಾರ ಅವರಿಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದು ಕೊಟ್ಟಿತು. ಜಹಗೀರು ಮಾತ್ರ ಬ್ರಿಟಿಷ್ ಸರ್ಕಾರ ಮತ್ತು ಮೈಸೂರು ಎರಡರಿಂದಲೂ ಬಂತು, ಏಕೆಂದರೆ ನಡುಗಡ್ಡೆ ಕೊಯಮತ್ತೂರು ಜಿಲ್ಲೆಯದು, ಎಡದಂಡೆ ಮೈಸೂರಿನದು.

ಆ ಸೇತುವೆಗಳ ಕಟ್ಟಡ ಕ್ರಮವನ್ನು ಗಮನಿಸಬೇಕು. ಕಮಾನುಗಳಿಲ್ಲ. ಹೊಳೆಯ ಬಂಡೆಯಲ್ಲೇ ಬುನಾದಿ ಹಿಡಿದು ಕಲ್ಲುಕಂಬಗಳ ಸಾಲು ನಿಲ್ಲಿಸಿ, ಮೇಲೆ ಕಲ್ಲಿನ ತೊಲೆ ಹಾಸಿ ದಾರಿ ಮಾಡಿದ್ದಾರೆ. ಮೂರು ದಶಕ ಮೊದಲು, 1804ರಲ್ಲಿ, ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯದೂ ಇದೇ ಪದ್ಧತಿ. ದೇವಾಲಯದ ಮಂಟಪ ಕಟ್ಟುತ್ತಿದ್ದ ಕಲ್ಲುಕುಟಿಗರ ವಿದ್ಯೆಯೇ ಹೊಳೆಗೆ ಇಳಿದಿದೆ. ಸೇತುವೆಗೆ ಇಂಗ್ಲಿಷ್ ಹೆಸರು ಇಟ್ಟಮಾತ್ರಕ್ಕೆ ಅದನ್ನು ಇಂಗ್ಲಿಷರ ಕಟ್ಟಡವೆಂದು ಎಣಿಸುವುದು ತಪ್ಪು. ಜನ ವೆಸ್ಲಿ ಸೇತುವೆ ಎಂದು ಕರೆಯುವ ಶಿವನಸಮುದ್ರದ ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಉಳಿದಿರುವುದನ್ನಾದರೂ ಅಳತೆ ಹಿಡಿದು, ಕಂಬ ಕಂಬವನ್ನೂ ದಾಖಲಿಸಿಡುವ ಕೆಲಸ ಮುಂದಿನ ಮಹಾಪೂರಕ್ಕೆ ಮೊದಲೇ ಆಗಬೇಕು.

1902ರಲ್ಲಿ ಇದೇ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಯೋಜನೆ ರೂಪುಗೊಂಡದ್ದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. ವಿದ್ಯುತ್ ಹರಿದಾಗ ದಿವಾನರಾಗಿದ್ದವರು ಪಿ.ಎನ್. ಕೃಷ್ಣಮೂರ್ತಿ, ಪೂರ್ಣಯ್ಯನವರ ವಂಶಸ್ಥರು, ಯಳಂದೂರಿನ ಜಹಗೀರುದಾರರು. ವಿದ್ಯುದಾಗಾರದ ಚರಿತ್ರೆ ಬರೆಯುವವರು ಯಳಂದೂರನ್ನು ನೆನೆಯುವುದಿಲ್ಲ, ಯಳಂದೂರಿನ ಚರಿತ್ರೆ ಬರೆಯುವವರು ವಿದ್ಯುದಾಗಾರದ ಮಾತೆತ್ತುವುದಿಲ್ಲ.

ಕೊಳ್ಳೇಗಾಲದ ಶಾಸನಗಳನ್ನು ಯಾರೂ ನೋಡಲಿಲ್ಲವೆಂದಲ್ಲ. ಮದರಾಸಿನ ಶಾಸನ ಇಲಾಖೆ ಅವುಗಳ ಪ್ರತಿ ತೆಗೆಯಿತು. ಆದರೆ ಅದರ ವಾರ್ಷಿಕ ವರದಿಗಳಲ್ಲಿ ಸಿಗುತ್ತಿದ್ದುದು ಇಂಗ್ಲಿಷಿನ ಸಾರಾಂಶ ಮಾತ್ರ. ರೈಸ್ ಸಂಪುಟಗಳಂತೆ ಕನ್ನಡ ಲಿಪಿಯ ಪಾಠವೂ ಅನುವಾದವೂ ಜೊತೆಗೆ ಸಿಗುವಂತಿರಲಿಲ್ಲ. ಕನ್ನಡದಲ್ಲಿ ಚರಿತ್ರೆ ಬರೆಯುವವರ ಮೇಜಿಗೆ ಯಳಂದೂರು ಬಂತು, ಕೊಳ್ಳೇಗಾಲ ಬರಲಿಲ್ಲ. ತಲಕಾಡಿನ ಗಂಗರು, ಹನ್ನೊಂದನೆಯ ಶತಮಾನದ ಆರಂಭದಲ್ಲಿ ಬಂದ ಚೋಳರು, ಅವರನ್ನು ಹೊರಹಾಕಿದ ಹೊಯ್ಸಳ ವಿಷ್ಣುವರ್ಧನ, ಇವರೆಲ್ಲರ ಆಳ್ವಿಕೆ ಕಂಡ ಕಾವೇರಿಯ ಈ ದಂಡೆ ಹೀಗೆ ನಮ್ಮ ಪುಸ್ತಕಗಳಲ್ಲಿ ಬಡವಾಯಿತು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು; ಕನ್ನಡದ ತಾಳವಾಡಿ ಸೀಮೆ ಮದರಾಸಿನಲ್ಲೇ ಉಳಿಯಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1975ರಲ್ಲಿ ಪರಿಷ್ಕೃತ ನಾಲ್ಕನೆಯ ಸಂಪುಟವನ್ನು ಹೊರತಂದಾಗ ಯಳಂದೂರು, ಕೊಳ್ಳೇಗಾಲ ಎರಡೂ ಒಂದೇ ರಟ್ಟಿನೊಳಗೆ ಬಂದವು. ರೈಸ್ ಸಂಪುಟದಿಂದ ಅಲ್ಲಿಗೆ 77 ವರ್ಷ. ಚಾಮರಾಜನಗರ ಜಿಲ್ಲೆಯಾದದ್ದು ಇನ್ನೂ ಈಚೆಗೆ, 1997ರಲ್ಲಿ.

ಹನೂರಿನ ಪ್ರಶ್ನೆ ಬೇರೆ. 2017ರ ಬಜೆಟ್ಟಿನಲ್ಲಿ ಘೋಷಣೆಯಾಗಿ ಕೊಳ್ಳೇಗಾಲದಿಂದ ಬೇರೆಯಾದ ಈ ತಾಲ್ಲೂಕಿನ ಬಹುಪಾಲು ಬೆಟ್ಟ ಮತ್ತು ಕಾಡು. 1800ರಲ್ಲಿ ಕಂಪನಿಯ ಪರವಾಗಿ ಸಮೀಕ್ಷೆಗೆ ಬಂದ ಫ್ರಾನ್ಸಿಸ್ ಬುಕನನ್ ಶಿವನಸಮುದ್ರದಿಂದ ಕೌದಳ್ಳಿಯ ಮೇಲೆ ಹಾದು ಕಾವೇರಿಪುರದ ಘಟ್ಟ ಇಳಿದ. ಅದು ಬಯಲುಸೀಮೆಗೂ ಕೆಳನಾಡಿಗೂ ನಡುವಿನ ಹಳೆಯ ದಾರಿ. ಆ ದಾರಿಯ ಚರಿತ್ರೆಯನ್ನು ಶಾಸನಗಳಿಗಿಂತ ಹೆಚ್ಚಾಗಿ ಹೇಳುವುದು ಮಲೆ ಮಾದೇಶ್ವರನ ಕಾವ್ಯ. ಕಂಸಾಳೆಯವರು ಹಾಡುವ ಕಥೆಯಲ್ಲಿ ಮಾದಪ್ಪ ಸುತ್ತೂರು, ಕುಂತೂರು ಮಠಗಳನ್ನು ದಾಟಿ ಮಲೆಗೆ ಬರುತ್ತಾನೆ. ಸೋಲಿಗರ ಸಂಕಮ್ಮನ ಕಥೆ, ಆಲಂಬಾಡಿಯ ಜುಂಜೇಗೌಡನ ಕಥೆ ಅಲ್ಲಿ ಬರುತ್ತವೆ. ಆಲಂಬಾಡಿ ಕಾವೇರಿ ದಂಡೆಯ ನಿಜವಾದ ಊರು, ಒಂದು ದನದ ತಳಿಗೆ ಹೆಸರು ಕೊಟ್ಟ ಊರು. ದನಕರು ಕಾಯುವವರು, ಕಾಡಿನವರು, ಮಠದವರು ಒಂದೇ ಬೆಟ್ಟದಲ್ಲಿ ಹೇಗೆ ಎದುರಾದರು, ಹೇಗೆ ಒಪ್ಪಂದಕ್ಕೆ ಬಂದರು ಎಂಬುದರ ದಾಖಲೆ ಅದು. ಅದರ ಘಟನೆಗಳಿಗೆ ಇಸವಿ ಹುಡುಕುವುದು ವ್ಯರ್ಥ, ಸ್ಥಳಗಳನ್ನು ಹುಡುಕಬೇಕು. ಕಾವ್ಯದಲ್ಲಿ ಬರುವ ಒಂದೊಂದು ಕೊಳ, ಹಳ್ಳ, ಕಣಿವೆಯನ್ನೂ ನಕಾಶೆಯ ಮೇಲೆ ಗುರುತಿಸಿದರೆ ಹನೂರಿಗೆ ಒಂದು ಶಾಸನ ಸಂಪುಟಕ್ಕೆ ಸಮನಾದ ಆಕರ ಸಿಗುತ್ತದೆ ಎಂಬ ನಂಬಿಕೆ ನನ್ನದು. ಚಿಕ್ಕಲ್ಲೂರು ಜಾತ್ರೆಯ ಸುತ್ತಲಿನ ಮಂಟೇಸ್ವಾಮಿ, ಸಿದ್ದಪ್ಪಾಜಿ ಕಥನಗಳಿಗೂ ಇದೇ ಮಾತು ಸಲ್ಲುತ್ತದೆ.

ಇದೇ ಕಾಡಿನಲ್ಲಿ ನಮ್ಮ ಕಾಲದ ವೀರಗಲ್ಲುಗಳೂ ಇವೆ. ಕಾಡುಗಳ್ಳ ವೀರಪ್ಪನ್ ಹುಟ್ಟಿದ ಗೋಪಿನಾಥಂನಲ್ಲಿ ಜನರ ನಡುವೆ ಕೆಲಸ ಮಾಡಿ, ಊರಿಗೆ ಮಾರಮ್ಮನ ಗುಡಿ ಕಟ್ಟಿಸಿಕೊಟ್ಟ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರ್ 10ರಂದು ಅವನ ಕೈಯಲ್ಲಿ ಹತರಾದರು. ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ಸಂದಿತು. 1992ರ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ಅವನ ತಂಡದ ದಾಳಿಯಾಗಿ ಐವರು ಪೊಲೀಸರು ಸತ್ತರು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್.ಪಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಜೊತೆಗಿದ್ದ ಪೊಲೀಸರು ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರ ಪಾಲಾರ್ ಸ್ಫೋಟದಲ್ಲಿ ಸತ್ತವರು 22 ಮಂದಿ. ಸಾವಿರ ವರ್ಷದ ಹಿಂದೆ ತುರುಗಾಳಗದಲ್ಲಿ ಮಡಿದವನಿಗೆ ಊರವರು ನಿಲ್ಲಿಸಿದ ಕಲ್ಲನ್ನು ನಾವು ಅಕ್ಷರ ಅಕ್ಷರ ಓದುತ್ತೇವೆ. ಈ ಹೆಸರುಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಡಬೇಕು. ಪೊಲೀಸರ ಹೆಸರಿನ ಜೊತೆಗೆ, ಆ ವರ್ಷಗಳಲ್ಲಿ ವೀರಪ್ಪನ್ ತಂಡ, ಪೊಲೀಸರು ಎರಡೂ ಕಡೆಯ ಹೆದರಿಕೆಯ ನಡುವೆ ಬದುಕಿದ ಸೋಲಿಗರ ಪೋಡುಗಳ ಮತ್ತು ಮಾರ್ಟಳ್ಳಿ ಕಡೆಯ ತಮಿಳು ಹಳ್ಳಿಗಳ ಹೇಳಿಕೆಗಳೂ ಆ ದಾಖಲೆಯಲ್ಲಿ ಸೇರಬೇಕು. ಆ ದಿನಗಳನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ; ಕೇಳಿ ಬರೆದುಕೊಳ್ಳುವುದಕ್ಕೆ ಇದು ತಕ್ಕ ಕಾಲ.