ಆಕ್ಷೇಪ ಹೆತ್ತವರ ಮೇಲೆ, ಶಿಕ್ಷೆ ಮಗುವಿಗೆ: ಸಲಿಂಗಿ ಪೋಷಕರ ಕುಟುಂಬಗಳು ಮತ್ತು ಶಾಲಾ ಪ್ರವೇಶ

ಶಾಲೆಯೊಂದು ಮಗುವಿಗೆ ಪ್ರವೇಶ ನಿರಾಕರಿಸುವಾಗ ಸಾಮಾನ್ಯವಾಗಿ ವಯಸ್ಸು, ಸೀಟುಗಳ ಕೊರತೆ, ಶುಲ್ಕ ಅಥವಾ ದಾಖಲೆಗಳ ಕಾರಣ ಮುಂದಿಡುತ್ತದೆ. ಮಗುವಿನ ಮನೆಯಲ್ಲಿ ಇಬ್ಬರು ತಾಯಂದಿರು ಅಥವಾ ಇಬ್ಬರು ತಂದೆಯರಿದ್ದಾರೆ ಎಂಬುದೇ ಕಾರಣವಾದ ಪ್ರಕರಣಗಳು ಅಮೆರಿಕದಲ್ಲಿ ಎರಡು ದಶಕಗಳಿಂದ ಚರ್ಚೆಗೆ ಗ್ರಾಸವಾಗಿವೆ. ಇವೆಲ್ಲವುಗಳಲ್ಲಿಯೂ ಶಾಲೆಯ ಆಕ್ಷೇಪ ಇದ್ದುದು ಹೆತ್ತವರ ಸಂಬಂಧದ ಕುರಿತು. ಸಹಪಾಠಿಗಳನ್ನು, ಶಿಕ್ಷಕರನ್ನು ಕಳೆದುಕೊಂಡವರು ಮಾತ್ರ ಮಕ್ಕಳು. ಧಾರ್ಮಿಕ ಸಂಸ್ಥೆಗಳ ಸ್ವಾತಂತ್ರ್ಯ ಎಲ್ಲಿಯವರೆಗೆ, ಮಗುವಿನ ಹಕ್ಕು ಎಲ್ಲಿಂದ ಎಂಬ ಪ್ರಶ್ನೆಗೆ ಅಲ್ಲಿನ ಕಾನೂನು ಇನ್ನೂ ಒಂದೇ ಉತ್ತರ ನೀಡಿಲ್ಲ.

ಮೊದಲ ಪ್ರಕರಣಗಳು

2005ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಒಂಟಾರಿಯೊ ನಗರದ ಖಾಸಗಿ ಕ್ರೈಸ್ತ ಶಾಲೆಯೊಂದು 14 ವರ್ಷದ ವಿದ್ಯಾರ್ಥಿನಿಯನ್ನು ಹೊರಗೆ ಕಳುಹಿಸಿತು. ಆಕೆಯ ತಾಯಿ ಮತ್ತೊಬ್ಬ ಮಹಿಳೆಯೊಂದಿಗೆ ಬಾಳ್ವೆ ನಡೆಸುತ್ತಿದ್ದರು. ಹೆತ್ತವರ ನಡತೆ ಕ್ರೈಸ್ತ ಜೀವನಕ್ರಮಕ್ಕೆ ಹೊಂದಿಕೊಳ್ಳಬೇಕೆಂಬ ನಿಯಮ ತನ್ನಲ್ಲಿದೆ ಎಂಬುದು ಶಾಲೆಯ ಸಮರ್ಥನೆಯಾಗಿತ್ತು.

ಈ ವಿವಾದ ರಾಷ್ಟ್ರಮಟ್ಟದ ಚರ್ಚೆಯಾದದ್ದು 2010ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಕೊಲರಾಡೊ ರಾಜ್ಯದ ಬೌಲ್ಡರ್‌ನಲ್ಲಿರುವ ಸೇಕ್ರೆಡ್ ಹಾರ್ಟ್ ಆಫ್ ಜೀಸಸ್ ಶಾಲೆಯು ಸಲಿಂಗಿ ಮಹಿಳೆಯರಿಬ್ಬರ ಮಕ್ಕಳನ್ನು ತನ್ನಲ್ಲಿ ಮುಂದುವರಿಸಲು ಒಪ್ಪಲಿಲ್ಲ. ಡೆನ್ವರ್ ಮಹಾಧರ್ಮಪ್ರಾಂತ್ಯದ ಆಗಿನ ಆರ್ಚ್‌ಬಿಷಪ್ ಚಾರ್ಲ್ಸ್ ಶಪೂ ಈ ತೀರ್ಮಾನವನ್ನು ಬಹಿರಂಗವಾಗಿ ಬೆಂಬಲಿಸಿದರು. ಕ್ಯಾಥೊಲಿಕ್ ಶಿಕ್ಷಣವೆಂದರೆ ಶಾಲೆ ಮತ್ತು ಮನೆಯ ಸಹಭಾಗಿತ್ವ. ಶಾಲೆ ಬೋಧಿಸುವುದಕ್ಕೆ ವಿರುದ್ಧವಾದದ್ದು ಮನೆಯಲ್ಲಿ ನಡೆಯುತ್ತಿದ್ದರೆ ಮಗುವಿಗೂ ಶಿಕ್ಷಕರಿಗೂ ಇಕ್ಕಟ್ಟಾಗುತ್ತದೆ ಎಂಬುದು ಅವರ ವಾದದ ಸಾರ. ವಿಚ್ಛೇದಿತರು, ಮರುವಿವಾಹವಾದವರು, ಅನ್ಯಧರ್ಮೀಯರು ಇವರೆಲ್ಲರ ಮಕ್ಕಳು ಕ್ಯಾಥೊಲಿಕ್ ಶಾಲೆಗಳಲ್ಲಿ ಓದುತ್ತಿರುವಾಗ ಈ ಒಂದು ಬಗೆಯ ಕುಟುಂಬಕ್ಕಷ್ಟೇ ನಿಯಮವೇಕೆ ಎಂಬುದು ವಿರೋಧಿಗಳ ಪ್ರಶ್ನೆಯಾಗಿತ್ತು.

ಎರಡೇ ತಿಂಗಳಲ್ಲಿ ಇಂಥದೇ ಪ್ರಕರಣ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕಾಣಿಸಿಕೊಂಡಿತು. ಹಿಂಗಮ್ ಪಟ್ಟಣದ ಸೇಂಟ್ ಪಾಲ್ ಶಾಲೆಯು ಎಂಟು ವರ್ಷದ ಬಾಲಕನಿಗೆ ನೀಡಿದ್ದ ಪ್ರವೇಶವನ್ನು, ಆತನ ಹೆತ್ತವರು ಸಲಿಂಗಿ ಮಹಿಳೆಯರೆಂಬ ಕಾರಣಕ್ಕೆ ಹಿಂದೆಗೆದುಕೊಂಡಿತು. ಆದರೆ ಇಲ್ಲಿ ಬೋಸ್ಟನ್ ಮಹಾಧರ್ಮಪ್ರಾಂತ್ಯ ಬೇರೆ ಹಾದಿ ಹಿಡಿಯಿತು. ಇಂಥ ಮಕ್ಕಳನ್ನು ಹೊರಗಿಡುವ ನೀತಿ ತನ್ನದಲ್ಲವೆಂದು ಅದರ ಶಿಕ್ಷಣ ವಿಭಾಗ ಸ್ಪಷ್ಟಪಡಿಸಿ, ಬಾಲಕನಿಗೆ ಮತ್ತೊಂದು ಕ್ಯಾಥೊಲಿಕ್ ಶಾಲೆಯಲ್ಲಿ ಸ್ಥಾನ ಒದಗಿಸಲು ನೆರವು ನೀಡುವುದಾಗಿ ತಿಳಿಸಿತು. ತಾರತಮ್ಯ ಮಾಡುವ ಶಾಲೆಗಳಿಗೆ ತನ್ನ ಧನಸಹಾಯವಿಲ್ಲ ಎಂದು ವಿದ್ಯಾರ್ಥಿವೇತನ ನೀಡುವ ಕ್ಯಾಥೊಲಿಕ್ ಪ್ರತಿಷ್ಠಾನವೂ ಹೇಳಿತು. 2011ರ ಜನವರಿಯಲ್ಲಿ, ಯಾವುದೇ ವರ್ಗದ ವಿದ್ಯಾರ್ಥಿಗಳನ್ನು ಹೊರಗಿಡಬಾರದೆಂಬ ಪ್ರವೇಶ ನೀತಿಯನ್ನು ಮಹಾಧರ್ಮಪ್ರಾಂತ್ಯ ಪ್ರಕಟಿಸಿತು.

ಧರ್ಮಸಭೆ ಒಂದೇ, ಬೋಧನೆ ಒಂದೇ, ಅವಧಿಯೂ ಒಂದೇ. ಆದರೂ ಡೆನ್ವರ್ ಮತ್ತು ಬೋಸ್ಟನ್ ತಲುಪಿದ ನಿರ್ಣಯಗಳು ಪರಸ್ಪರ ವಿರುದ್ಧ. ಮಗುವನ್ನು ಹೊರಗಿಡುವುದು ಧಾರ್ಮಿಕ ನಂಬಿಕೆಯ ಅನಿವಾರ್ಯ ಫಲವಾಗಿರಲಿಲ್ಲ, ಆಡಳಿತ ನಡೆಸುವವರು ಕೈಗೊಂಡ ಆಯ್ಕೆಯಾಗಿತ್ತು ಎಂಬುದಕ್ಕೆ ಈ ಎರಡು ಪ್ರಕರಣಗಳೇ ಸಾಕ್ಷಿ.

ಕಾನೂನು ಏನು ಹೇಳುತ್ತದೆ?

ಅಮೆರಿಕದ ಸರಕಾರಿ ಶಾಲೆಗಳು ಹೆತ್ತವರ ಸಂಬಂಧವನ್ನು ನೋಡಿ ಮಗುವನ್ನು ತಿರಸ್ಕರಿಸುವಂತಿಲ್ಲ. ಖಾಸಗಿ ಶಾಲೆಗಳ ಸ್ಥಿತಿ ಭಿನ್ನ. ಜನಾಂಗದ ಆಧಾರದಲ್ಲಿ ಖಾಸಗಿ ಶಾಲೆಗಳು ಪ್ರವೇಶ ನಿರಾಕರಿಸುವಂತಿಲ್ಲವೆಂದು 1976ರಲ್ಲಿಯೇ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಆದರೆ ಹೆತ್ತವರ ಲೈಂಗಿಕ ಪ್ರವೃತ್ತಿಯ ಕಾರಣಕ್ಕೆ ಮಗುವನ್ನು ನಿರಾಕರಿಸುವುದನ್ನು ಸ್ಪಷ್ಟವಾಗಿ ನಿಷೇಧಿಸುವ ಕೇಂದ್ರ ಕಾನೂನು ಇಲ್ಲ. 2015ರ ಜೂನ್ 26ರಂದು ಸಲಿಂಗ ವಿವಾಹಕ್ಕೆ ದೇಶದಾದ್ಯಂತ ಮಾನ್ಯತೆ ದೊರೆತ ಮೇಲೂ ಈ ಅಂತರ ಉಳಿದುಕೊಂಡಿತು. ಆ ತೀರ್ಪು ಸರಕಾರಗಳನ್ನು ಬಂಧಿಸಿತೇ ಹೊರತು ಖಾಸಗಿ ಧಾರ್ಮಿಕ ಶಾಲೆಗಳನ್ನಲ್ಲ.

ಹೀಗಾಗಿ ವಿವಾದವು ಸಾರ್ವಜನಿಕ ಹಣದ ಕಡೆಗೆ ತಿರುಗಿತು. ಮೇನ್ ರಾಜ್ಯದಲ್ಲಿ ಸರಕಾರಿ ಪ್ರೌಢಶಾಲೆ ಇಲ್ಲದ ಪ್ರದೇಶಗಳ ಮಕ್ಕಳಿಗೆ ಖಾಸಗಿ ಶಾಲೆಯ ಶುಲ್ಕವನ್ನು ಸರಕಾರವೇ ಭರಿಸುತ್ತದೆ. ಧಾರ್ಮಿಕ ಶಾಲೆಗಳು ಈ ಸೌಲಭ್ಯದಿಂದ ಹೊರಗಿದ್ದವು. 2022ರ ಜೂನ್ 21ರಂದು ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ಈ ನಿರ್ಬಂಧವನ್ನು ರದ್ದುಪಡಿಸಿತು. ಪ್ರಕರಣದಲ್ಲಿ ಉಲ್ಲೇಖಗೊಂಡ ಟೆಂಪಲ್ ಅಕಾಡೆಮಿ ಎಂಬ ಶಾಲೆಯು ಇಬ್ಬರು ತಂದೆಯರು ಅಥವಾ ಇಬ್ಬರು ತಾಯಂದಿರಿರುವ ಮನೆಯ ಮಗುವಿಗೆ ಪ್ರವೇಶ ನೀಡುವುದಿಲ್ಲ ಎಂಬ ಅಂಶ ನ್ಯಾಯಾಲಯದ ಕಡತದಲ್ಲಿಯೇ ದಾಖಲಾಗಿತ್ತು. ಅಂದರೆ, ಸಲಿಂಗಿ ದಂಪತಿ ಕಟ್ಟುವ ತೆರಿಗೆಯ ಪಾಲು ಅವರದೇ ಮಗುವಿಗೆ ಬಾಗಿಲು ಮುಚ್ಚುವ ಶಾಲೆಗೂ ಸಲ್ಲಬಹುದೇ ಎಂಬ ಪ್ರಶ್ನೆ ಎದುರಾಯಿತು. ಇದನ್ನು ತಡೆಯಲು ಮೇನ್ ರಾಜ್ಯ 2021ರಲ್ಲಿಯೇ ತನ್ನ ಮಾನವ ಹಕ್ಕು ಕಾಯಿದೆಗೆ ತಿದ್ದುಪಡಿ ತಂದು, ಸರಕಾರಿ ಹಣ ಪಡೆಯುವ ಖಾಸಗಿ ಶಾಲೆಗಳಿಗೂ ತಾರತಮ್ಯ ನಿಷೇಧವನ್ನು ಅನ್ವಯಿಸಿತ್ತು. ಅದನ್ನೂ ಧಾರ್ಮಿಕ ಶಾಲೆಗಳು ನ್ಯಾಯಾಲಯದಲ್ಲಿ ಪ್ರಶ್ನಿಸಿದವು.

ಪ್ರವೇಶ ಸಿಕ್ಕ ಬಳಿಕ

ಪ್ರವೇಶ ದೊರೆತ ಮಾತ್ರಕ್ಕೆ ಸಮಸ್ಯೆ ಮುಗಿಯುವುದಿಲ್ಲ. ಅಮೆರಿಕದ ಜಿಎಲ್‌ಎಸ್‌ಇಎನ್ ಸಂಸ್ಥೆ 2008ರಲ್ಲಿ ಪ್ರಕಟಿಸಿದ ವರದಿಗಾಗಿ 588 ಪೋಷಕರನ್ನೂ ಇಂಥ ಕುಟುಂಬಗಳ 154 ವಿದ್ಯಾರ್ಥಿಗಳನ್ನೂ ಪ್ರಶ್ನಿಸಲಾಗಿತ್ತು. ಶಾಲಾ ಸಮುದಾಯದಿಂದ ಒಂದಲ್ಲ ಒಂದು ರೀತಿಯಲ್ಲಿ ಹೊರಗುಳಿಯಬೇಕಾಯಿತೆಂದು ಶೇ. 53ರಷ್ಟು ಪೋಷಕರು ಹೇಳಿದರು. ಕುಟುಂಬದ ಕಾರಣಕ್ಕೆ ಶಾಲೆಯಲ್ಲಿ ನಿಂದನೆಯ ಮಾತು ಕೇಳಬೇಕಾಯಿತೆಂದು ಶೇ. 40ರಷ್ಟು ವಿದ್ಯಾರ್ಥಿಗಳು ತಿಳಿಸಿದರು. ‘ತಂದೆ’, ‘ತಾಯಿ’ ಎಂಬ ಎರಡೇ ಅಂಕಣಗಳಿರುವ ಅರ್ಜಿ, ಪೋಷಕರ ಸಭೆಗೆ ಒಬ್ಬರಿಗಷ್ಟೇ ಬರುವ ಕರೆ, ಸಂಜೆ ಮಗುವನ್ನು ಕರೆದೊಯ್ಯಲು ಬಂದವರಿಗೆ ಗೇಟಿನಲ್ಲಿ ಎದುರಾಗುವ ‘ನೀವು ಯಾರು?’ ಎಂಬ ಪ್ರಶ್ನೆ. ಇಂಥ ಸಣ್ಣ ಸಂಗತಿಗಳೇ ದಿನನಿತ್ಯದ ತಾರತಮ್ಯದ ರೂಪ ತಾಳುತ್ತವೆ.

ಪಾಠದಲ್ಲಿ ಇಂಥ ಕುಟುಂಬಗಳ ಪ್ರಸ್ತಾಪ ಇರಬೇಕೇ ಎಂಬುದೂ ವಿವಾದಿತ. ಬ್ರಿಟನ್‌ನಲ್ಲಿ 1988ರ ಶಾಸನವೊಂದು ಸಲಿಂಗ ಸಂಬಂಧವನ್ನು ಕುಟುಂಬದ ರೂಪವಾಗಿ ಒಪ್ಪಬಹುದೆಂದು ಬೋಧಿಸುವುದನ್ನು ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ ನಿರ್ಬಂಧಿಸಿತ್ತು. ಅದು ಸ್ಕಾಟ್ಲೆಂಡ್‌ನಲ್ಲಿ 2000ದಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಲ್ಲಿ ರದ್ದಾಯಿತು. ಅಮೆರಿಕದಲ್ಲಿ 2025ರ ಜೂನ್ 27ರಂದು ಸುಪ್ರೀಂ ಕೋರ್ಟ್, ಇಂಥ ವಿಷಯಗಳ ಕಥೆಪುಸ್ತಕ ಓದಿಸುವಾಗ ತಮ್ಮ ಮಕ್ಕಳನ್ನು ತರಗತಿಯಿಂದ ಹೊರಗಿಡಲು ಧಾರ್ಮಿಕ ಆಕ್ಷೇಪವಿರುವ ಹೆತ್ತವರಿಗೆ ಅವಕಾಶ ಇರಬೇಕೆಂಬ ನಿಲುವು ತಳೆಯಿತು.

ಭಾರತದಲ್ಲಿ ಸ್ಥಿತಿಗತಿ

ನಮ್ಮಲ್ಲಿ ಪ್ರಶ್ನೆ ಶಾಲೆಯ ಬಾಗಿಲಿಗಿಂತ ಮೊದಲೇ, ‘ಪೋಷಕ’ ಎಂಬ ಪದದಲ್ಲಿಯೇ ಎದುರಾಗುತ್ತದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಂವಿಧಾನ ಪೀಠವು ವಿವಾಹ ಮೂಲಭೂತ ಹಕ್ಕಲ್ಲವೆಂದು ಹೇಳಿ, ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿತು. ಅವಿವಾಹಿತ ಜೋಡಿಗಳು ಜಂಟಿಯಾಗಿ ದತ್ತು ಪಡೆಯುವುದಕ್ಕಿರುವ ನಿರ್ಬಂಧವನ್ನೂ 3-2ರ ಬಹುಮತದಿಂದ ಉಳಿಸಿತು. ಒಬ್ಬಂಟಿಯಾಗಿ ದತ್ತು ಪಡೆಯಲು ಅವಕಾಶವಿದೆ. ಪರಿಣಾಮವಾಗಿ ಸಲಿಂಗಿ ಜೋಡಿಯೊಂದು ಕೂಡಿ ಬೆಳೆಸುವ ದತ್ತು ಮಗುವಿಗೆ ಕಾನೂನಿನ ಕಣ್ಣಿನಲ್ಲಿ ಒಬ್ಬರೇ ಹೆತ್ತವರು. ಮತ್ತೊಬ್ಬರು ಶಾಲೆಯ ದಾಖಲೆಯಲ್ಲಿ ಎಲ್ಲಿಯೂ ಸಲ್ಲುವುದಿಲ್ಲ. ಅವರನ್ನು ಮನ್ನಿಸುವುದು ಬಿಡುವುದು ಮುಖ್ಯೋಪಾಧ್ಯಾಯರ ಸೌಜನ್ಯಕ್ಕೆ ಬಿಟ್ಟದ್ದು.

ಆದರೆ ಪ್ರವೇಶದ ವಿಷಯದಲ್ಲಿ ಭಾರತದ ಮಗುವಿಗೆ ಅಮೆರಿಕದ ಮಗುವಿಗಿಲ್ಲದ ರಕ್ಷಣೆಯೊಂದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 13ನೇ ಸೆಕ್ಷನ್ ಪ್ರವೇಶದ ವೇಳೆ ಮಗುವನ್ನಾಗಲಿ ಹೆತ್ತವರನ್ನಾಗಲಿ ಜರಡಿ ಹಿಡಿಯುವುದನ್ನು ನಿಷೇಧಿಸುತ್ತದೆ. ಮೊದಲ ಉಲ್ಲಂಘನೆಗೆ 25,000 ರೂ.ವರೆಗೆ, ನಂತರದ ಪ್ರತಿ ಉಲ್ಲಂಘನೆಗೆ 50,000 ರೂ.ವರೆಗೆ ದಂಡವಿದೆ. ಮಗುವಿಗಾಗಲಿ ಪೋಷಕರಿಗಾಗಲಿ ಸಂದರ್ಶನ ನಡೆಸಕೂಡದೆಂದು ಕೇಂದ್ರ ಸರಕಾರದ 2010ರ ಮಾರ್ಗಸೂಚಿಯೂ ಹೇಳುತ್ತದೆ. 17ನೇ ಸೆಕ್ಷನ್ ಮಾನಸಿಕ ಕಿರುಕುಳವನ್ನು ನಿಷೇಧಿಸುತ್ತದೆ. ಇವುಗಳಲ್ಲಿ ಸಲಿಂಗಿ ಕುಟುಂಬಗಳ ಹೆಸರಿಲ್ಲ. ಆದರೆ ಹೆತ್ತವರನ್ನು ಅಳೆದು ನೋಡಿ ಮಗುವನ್ನು ಆರಿಸುವ ಪದ್ಧತಿಗೇ ತಡೆಯಿದೆ.

ಈ ರಕ್ಷಣೆಗೂ ಮಿತಿಗಳಿವೆ. ಕಾಯಿದೆ 6ರಿಂದ 14 ವರ್ಷದ ಮಕ್ಕಳ ಹಕ್ಕನ್ನು ಕುರಿತದ್ದು. 2014ರ ತೀರ್ಪಿನಂತೆ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಅದು ಅನ್ವಯಿಸುವುದಿಲ್ಲ. ಆ ತೀರ್ಪಿನ ಔಚಿತ್ಯವನ್ನು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ದ್ವಿಸದಸ್ಯ ಪೀಠವೇ ಪ್ರಶ್ನಿಸಿ, ವಿಷಯವನ್ನು ವಿಸ್ತೃತ ಪೀಠದ ಪರಿಶೀಲನೆಗೆ ಕಳುಹಿಸಿತು.

ನ್ಯಾಯಾಲಯಗಳ ದೃಷ್ಟಿ ಹಿಗ್ಗುತ್ತಿರುವ ಕುರುಹುಗಳೂ ಇವೆ. ಅವಿವಾಹಿತ ತಾಯಿ ತಂದೆಯ ಹೆಸರನ್ನು ಬಹಿರಂಗಪಡಿಸದೆ ಮಗುವಿನ ಪೋಷಕತ್ವ ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಕರ್ನಾಟಕದವರಾದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರ ಪೀಠವು 2022ರಲ್ಲಿ ಹೆರಿಗೆ ರಜೆಯ ಪ್ರಕರಣವೊಂದರಲ್ಲಿ, ಕುಟುಂಬವೆಂದರೆ ತಂದೆ-ತಾಯಿ-ಮಕ್ಕಳ ಒಂದೇ ಅಚ್ಚಲ್ಲ, ಸಲಿಂಗ ಸಂಬಂಧಗಳೂ ಸೇರಿ ಭಿನ್ನ ರೂಪದ ಕುಟುಂಬಗಳೂ ಕಾನೂನಿನ ರಕ್ಷಣೆಗೆ ಅರ್ಹವೆಂದು ಅಭಿಪ್ರಾಯಪಟ್ಟಿತು.

ವಿವಾಹ ಮತ್ತು ದತ್ತಿನ ಪ್ರಶ್ನೆಗಳನ್ನು ಸಂಸತ್ತು ಎಂದು ಬಗೆಹರಿಸುವುದೋ ಅಂದು ಬಗೆಹರಿಸಲಿ. ಅಲ್ಲಿಯವರೆಗೆ ಶಾಲೆಗಳು ತಾವಾಗಿಯೇ ಮಾಡಬಹುದಾದದ್ದು ಕಡಿಮೆಯೇನಲ್ಲ. ಅರ್ಜಿಯಲ್ಲಿ ‘ತಂದೆ’, ‘ತಾಯಿ’ ಜತೆಗೆ ‘ಪೋಷಕರು’ ಎಂಬ ಅಂಕಣ, ಮಗುವನ್ನು ಕರೆದೊಯ್ಯಲು ಕಾನೂನುಬದ್ಧ ಪೋಷಕರ ಲಿಖಿತ ಒಪ್ಪಿಗೆಯಿದ್ದವರಿಗೆ ಗುರುತಿನ ಚೀಟಿ, ತುರ್ತು ಸಂದರ್ಭದಲ್ಲಿ ಸಂಪರ್ಕಿಸಲು ಇಬ್ಬರ ಹೆಸರು, ಗೇಲಿ ಮಾತಿಗೆ ತರಗತಿಯಲ್ಲಿಯೇ ತಡೆ. ಇವು ಯಾವುದಕ್ಕೂ ಹೊಸ ಕಾಯಿದೆ ಬೇಕಿಲ್ಲ. ಅಜ್ಜಿಯ ಆಸರೆಯಲ್ಲಿರುವ ಮಗುವಿಗೂ, ಒಂಟಿ ತಾಯಿಯ ಮಗುವಿಗೂ ಇದೇ ಅಂಕಣ, ಇದೇ ಚೀಟಿ ಉಪಯೋಗಕ್ಕೆ ಬರುತ್ತವೆ.