ದೋಣಿ ಮೊದಲು, ಸ್ಥಳಪುರಾಣ ಆಮೇಲೆ: ಡ್ರ್ಯಾಗನ್ ದೋಣಿ ಪಂದ್ಯದ ಹಿನ್ನೆಲೆ

ಡ್ರ್ಯಾಗನ್ ದೋಣಿ ಪಂದ್ಯ ಹೇಗೆ ಹುಟ್ಟಿತು ಎಂದು ಕೇಳಿದರೆ ಚೀನಾದಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ. ಚು ಸಂಸ್ಥಾನದ ಮಂತ್ರಿಯೂ ಕವಿಯೂ ಆಗಿದ್ದ ಛೂ ಯುವಾನ್ ಚಾಡಿಕೋರರ ಮಾತಿಗೆ ಬಲಿಯಾಗಿ ಗಡೀಪಾರಾದ. ಕ್ರಿ.ಪೂ. 278ರಲ್ಲಿ ಶತ್ರುಸೇನೆ ಚು ರಾಜಧಾನಿಯನ್ನು ಹಿಡಿದ ಸುದ್ದಿ ಕೇಳಿ, ಇಂದಿನ ಹುನಾನ್ ಪ್ರಾಂತ್ಯದ ಮಿಲುವೊ ನದಿಗೆ ಹಾರಿದ. ಅಂದು ಐದನೆಯ ಚಾಂದ್ರಮಾಸದ ಐದನೆಯ ದಿನ. ದಡದ ಜನ ದೋಣಿ ಇಳಿಸಿ ಹುಡುಕಿದರು, ಮೀನುಗಳು ಹೆಣವನ್ನು ಮುಟ್ಟದಿರಲೆಂದು ಡೋಲು ಬಡಿದರು, ನೀರಿಗೆ ಅನ್ನ ಎರಚಿದರು. ಪ್ರತಿವರ್ಷ ಆ ತಿಥಿಗೆ ಬರುವ ದುವಾನ್‌ವೂ ಹಬ್ಬದ ದೋಣಿಯೋಟಕ್ಕೂ, ಅಂದು ಎಲೆಯಲ್ಲಿ ಸುತ್ತಿ ಬೇಯಿಸುವ ಅಂಟಕ್ಕಿಯ ಕಡುಬಿಗೂ ಇದೇ ಮೂಲವೆಂದು ನಂಬಿಕೆ.

ಕಥೆ ಚೆನ್ನಾಗಿದೆ. ದಾಖಲೆಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ ಮಾತ್ರ ತಾಳೆಯಾಗುವುದಿಲ್ಲ. ಛೂ ಯುವಾನನ ಜೀವನಚರಿತ್ರೆಯನ್ನು ಮೊದಲು ಬರೆದಿಟ್ಟವನು ಕ್ರಿ.ಪೂ. ಒಂದನೆಯ ಶತಮಾನದ ಹೊತ್ತಿನ ಇತಿಹಾಸಕಾರ ಸಿಮಾ ಚಿಯೆನ್. ಕವಿ ಎದೆಗೆ ಕಲ್ಲು ಅವಚಿಕೊಂಡು ನದಿಗೆ ಹಾರಿದ್ದನ್ನು ಅವನು ಹೇಳುತ್ತಾನೆ; ದೋಣಿಯ ಸುದ್ದಿ ಎತ್ತುವುದಿಲ್ಲ, ತಿಥಿಯನ್ನೂ ಕೊಡುವುದಿಲ್ಲ. ಕವಿಯನ್ನೂ ದೋಣಿಯೋಟವನ್ನೂ ಒಟ್ಟಿಗೆ ತರುವ ಬರಹ ಸಿಗುವುದು ಕವಿ ಸತ್ತು ಸುಮಾರು ಎಂಟು ಶತಮಾನ ಕಳೆದ ಮೇಲೆ, ತ್ಸುಂಗ್ ಲಿನ್ ಆರನೆಯ ಶತಮಾನದಲ್ಲಿ ಬರೆದ ಹಬ್ಬಹರಿದಿನಗಳ ಗ್ರಂಥದಲ್ಲಿ ಮತ್ತು ಅದರ ಹಳೆಯ ವ್ಯಾಖ್ಯಾನದಲ್ಲಿ. ಅಲ್ಲಿಯೂ ಮಾತು ಒಂದೇ ಇಲ್ಲ. ಕವಿಯ ಕಥೆ ಹೇಳಿದ ಬೆನ್ನಿಗೇ ವ್ಯಾಖ್ಯಾನಕಾರ, ಪೂರ್ವದ ವೂ ಸೀಮೆಯಲ್ಲಿ ಈ ಆಚರಣೆ ಛೂ ಯುವಾನನದಲ್ಲ, ರಾಜನ ಕೋಪಕ್ಕೆ ಸಿಕ್ಕಿ ಸತ್ತು ನದಿಪಾಲಾದ ವೂ ತ್ಸಿಶೂ ಎಂಬವನದು ಎನ್ನುತ್ತಾನೆ. ಯುವೆ ನಾಡಿನವರ ಪ್ರಕಾರ ಇದನ್ನು ಆರಂಭಿಸಿದ್ದು ಅವರ ರಾಜ ಗೌಜಿಯನ್ ಎಂದೂ ಸೇರಿಸುತ್ತಾನೆ. ಒಂದೇ ಪುಟದಲ್ಲಿ ಮೂರು ಮೂಲ! ನಮ್ಮಲ್ಲಿ ಊರೂರಿಗೂ ಒಂದು ಸ್ಥಳಪುರಾಣ ಇರುತ್ತದಲ್ಲ, ಅದೇ ಬಗೆ. ಕಲ್ಲು ಮೊದಲೇ ಇರುತ್ತದೆ, ಪುರಾಣ ಬಂದು ಅದರ ಮೇಲೆ ಕೂರುತ್ತದೆ. ಡ್ರ್ಯಾಗನ್ ದೋಣಿಯ ಮೇಲೆ ಹಾಗೆ ಕೂತ ಪುರಾಣಗಳು ಒಂದೆರಡಲ್ಲ, ಇನ್ನೂ ಕೂರುತ್ತಲೇ ಇವೆ ಎಂಬುದು ಈ ಲೇಖನದ ವಾದ.

ಹಾಗಾದರೆ ಆ ಕಲ್ಲು ಯಾರದು? 1976ರಲ್ಲಿ ನಿಂಗ್ಬೊ ಬಳಿ ಸಿಕ್ಕಿದ ಒಂದು ಕಂಚಿನ ಕೊಡಲಿ ಈ ಪ್ರಶ್ನೆಗೆ ಒಳ್ಳೆಯ ಸಾಕ್ಷಿ. ಅದರ ಮೇಲ್ಭಾಗದಲ್ಲಿ ಎರಡು ಡ್ರ್ಯಾಗನ್‌ಗಳಿವೆ. ಕೆಳಗೆ ಬಾಗಿದ ದೋಣಿಯಂಥ ರೇಖೆ, ಅದರಲ್ಲಿ ತಲೆಗೆ ಗರಿ ಸಿಕ್ಕಿಸಿಕೊಂಡ ನಾಲ್ವರು ಸಾಲಾಗಿ ಕೂತು ಹುಟ್ಟು ಹಾಕುತ್ತಿದ್ದಾರೆ. ಕೊಡಲಿ ಯುವೆ ಜನರದು, ಚು ಸಂಸ್ಥಾನದ್ದಲ್ಲ. ಕವಿಯೂ ವಿದ್ವಾಂಸನೂ ಆಗಿದ್ದ ವನ್ ಯಿತ್ವೊ 1940ರ ದಶಕದಲ್ಲೇ, ಅಂದರೆ ಈ ಕೊಡಲಿ ಸಿಗುವ ಮೊದಲೇ, ದುವಾನ್‌ವೂ ಮೂಲತಃ ಡ್ರ್ಯಾಗನ್ನನ್ನು ಕುಲದೈವವೆಂದು ನಂಬಿದ್ದ ಯುವೆ ಜನರ ಹಬ್ಬವೆಂದು ವಾದಿಸಿದ್ದ. ಹಬ್ಬವನ್ನು ಕವಿಯ ಸಾವಿನಿಂದ ಬಿಡಿಸಿದ್ದು ಅವನ ದೊಡ್ಡ ಕೆಲಸ. ಆದರೆ ಎಲ್ಲವನ್ನೂ ಕುಲದೈವದ ಗೂಟಕ್ಕೆ ಕಟ್ಟಿದ್ದು ಅತಿಯಾಯಿತು ಎಂದು ನನಗೆ ಅನ್ನಿಸುತ್ತದೆ. ಇದಕ್ಕಿಂತ ಸರಳವಾದ ಕಾರಣ ಹಬ್ಬದ ಆಚರಣೆಯಲ್ಲೇ ಇದೆ.

ಐದನೆಯ ತಿಂಗಳು ಚೀನೀಯರ ಲೆಕ್ಕದಲ್ಲಿ ಕೆಟ್ಟ ತಿಂಗಳು. ಬಿಸಿಲು, ಮಳೆ, ಹುಳಹುಪ್ಪಟೆ, ಜ್ವರ ಎಲ್ಲ ಒಟ್ಟಿಗೇ ಬರುವ ಕಾಲ. ಹಬ್ಬದ ದಿನ ಮನೆಬಾಗಿಲಿಗೆ ಎರಡು ಗಿಡಗಳನ್ನು ಕಟ್ಟುತ್ತಾರೆ: ಒಂದು ನಮ್ಮ ಮಾಚಿಪತ್ರೆಯ ಜಾತಿಯದು, ಇನ್ನೊಂದು ಬಜೆ, ನಮ್ಮ ಬಾಣಂತಿ ಕೋಣೆಗಳಲ್ಲಿ ತೇಯುವ ಅದೇ ಬಜೆ. ಮಕ್ಕಳ ಕೈಗೆ ಐದು ಬಣ್ಣದ ದಾರ. ಇವೆಲ್ಲ ರೋಗವನ್ನು ಹೊರಗಿಡುವ ಉಪಾಯಗಳು. ಹಾಗಾದರೆ ದೋಣಿ?

ಇದಕ್ಕೆ ಅತ್ಯಂತ ಸ್ಪಷ್ಟ ಉತ್ತರ ಕೊಡುವವನು ಮಿಂಗ್ ಕಾಲದ ಕೊನೆಯ ಅಧಿಕಾರಿ ಯಾಂಗ್ ಸಿಚಾಂಗ್. 1641ರಲ್ಲಿ ತೀರಿಕೊಂಡ ಈತ ತನ್ನ ಹುಟ್ಟೂರಾದ ಹುನಾನಿನ ವೂಲಿಂಗ್‌ನ ಪಂದ್ಯಗಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಪಂದ್ಯ ಮುಗಿಯುವ ಹೊತ್ತಿಗೆ ಬಲಿಪ್ರಾಣಿ, ಮದ್ಯ, ಹಳದಿ ಕಾಗದದ ದುಡ್ಡು ಹೇರಿಕೊಂಡು ದೋಣಿಗಳು ನೇರ ಹೊಳೆಯ ಕೆಳಮುಖಕ್ಕೆ ಹೋಗುತ್ತವೆ. ಅಲ್ಲಿ ಕಾಗದ ಸುಟ್ಟು, ಮದ್ಯ ಎರೆದು, ರೋಗರುಜಿನ, ಅಕಾಲಮರಣ ಎಲ್ಲ ಹರಿವಿನ ಜೊತೆ ಹೋಗಲಿ ಎಂದು ಶಪಿಸುತ್ತಾರೆ. ಆಮೇಲಿನದು ನನಗೆ ಮರೆಯಲಾಗದ ವಿವರ. ಬಾವುಟ ಇಳಿಸಿ, ಡೋಲು ನಿಲ್ಲಿಸಿ, ಸದ್ದಿಲ್ಲದೆ ಹುಟ್ಟು ಹಾಕುತ್ತಾ ಊರಿಗೆ ಮರಳುತ್ತಾರೆ. ದೋಣಿಯನ್ನು ಎತ್ತರದ ದಡಕ್ಕೆ ಎಳೆದು ಮುಚ್ಚಿಡುತ್ತಾರೆ, ಬರುವ ವರ್ಷದವರೆಗೆ. ಮಾರಿಯನ್ನು ಊರಗಡಿ ದಾಟಿಸಿ ಬಂದವರ ನಡೆ ಎಂಥದೆಂದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಇದು ಧಾರ್ಮಿಕ ಮುಖ. ಇನ್ನೊಂದು ಮುಖ ಊರೂರುಗಳ ಜಿದ್ದು. ಇವತ್ತು ತಂಡಸ್ಫೂರ್ತಿ ಎಂದು ಹೊಗಳುವ ಗುಣ ಆಗ ಕುಲದ ಮಾನ, ಊರಿನ ಮಾನ. ಗೆದ್ದ ಊರಿಗೆ ಆ ವರ್ಷ ಮಳೆಬೆಳೆ, ಸೋತವರಿಗೆ ಅವಮಾನ. ದೋಣಿಗಳು ಡಿಕ್ಕಿಯಾಗಿ, ಹುಟ್ಟುಗಳೇ ದೊಣ್ಣೆಗಳಾಗಿ ಹೆಣ ಬಿದ್ದದ್ದುಂಟು. ಯುವಾನ್ ಮತ್ತು ಚಿಂಗ್ ಆಳ್ವಿಕೆಗಳಲ್ಲಿ ಅಧಿಕಾರಿಗಳು ಪಂದ್ಯ ನಿಷೇಧಿಸಿದ್ದೂ ಇದೆ. ಸುಂಗ್ ಅರಸರು ಮಾತ್ರ ಇದನ್ನೇ ಕೈಫಂಗ್‌ನ ರಾಜೋದ್ಯಾನದ ಕೊಳದಲ್ಲಿ ವೈಭವದ ನೋಟವಾಗಿಸಿದರು.

ಪರ್ಲ್ ನದಿಯ ಮುಖಜಭೂಮಿಯಲ್ಲಿ ಹಳೆಯ ಪದ್ಧತಿ ಇನ್ನೂ ಉಳಿದಿದೆ. ಅಲ್ಲಿ ಗಟ್ಟಿಮರದ ದೋಣಿಯನ್ನು ಪಂದ್ಯವಾದ ಮೇಲೆ ಕೊಳದ ಕೆಸರಿನಲ್ಲಿ ಹೂತಿಡುತ್ತಾರೆ. ಗಾಳಿಯಾಡದ ಕೆಸರಿನಲ್ಲಿ ಮರ ಬಿರಿಯುವುದಿಲ್ಲ, ಕೊಳೆಯುವುದಿಲ್ಲ. ನಾಲ್ಕನೆಯ ತಿಂಗಳ ಎಂಟನೆಯ ದಿನದ ಸುಮಾರಿಗೆ ಊರ ಗಂಡಸರು ಎದೆಮಟ್ಟ ನೀರಿಗಿಳಿದು ಅದನ್ನು ಎಬ್ಬಿಸುತ್ತಾರೆ, ಕೆಸರು ತೊಳೆಯುತ್ತಾರೆ, ಡ್ರ್ಯಾಗನ್ ತಲೆಯನ್ನು ಸಿಕ್ಕಿಸುತ್ತಾರೆ. ಆ ತಲೆಯ ಕಣ್ಣಿಗೆ ಕೆಂಪು ಚುಕ್ಕೆ ಇಟ್ಟ ಮೇಲೆಯೇ ಅದಕ್ಕೆ ಜೀವ. ಹೆಂಗಸರು ಇಂಥ ದೋಣಿಯನ್ನು ಮುಟ್ಟಬಾರದೆಂಬ ಕಟ್ಟಳೆ ಹಲವು ಊರುಗಳಲ್ಲಿತ್ತು.

ಈಗ ನಾವು ಟೀವಿಯಲ್ಲಿ ನೋಡುವ ಕ್ರೀಡೆಗೆ ಎರಡು ಸಾವಿರ ವರ್ಷದ ವಯಸ್ಸು ಕಟ್ಟುವುದು ರೂಢಿ. ನಿಜವಾಗಿ ಅದು ಹುಟ್ಟಿದ್ದು 1976ರಲ್ಲಿ, ಹಾಂಗ್‌ಕಾಂಗ್‌ನ ಮೀನುಗಾರರ ಬಂದರಿನಲ್ಲಿ. ಪ್ರವಾಸೋದ್ಯಮ ಸಂಘ ಏರ್ಪಡಿಸಿದ ಪಂದ್ಯಕ್ಕೆ ಸ್ಥಳೀಯ ಮೀನುಗಾರರ ಎದುರು ಜಪಾನಿನ ನಾಗಸಾಕಿಯ ತಂಡ ಬಂತು. ನಾಗಸಾಕಿಯವರಿಗೂ ಇದು ಹೊಸದಲ್ಲ. ಅಲ್ಲಿ ನೆಲೆಸಿದ್ದ ಚೀನೀಯರು 1655ರಲ್ಲಿ ಆರಂಭಿಸಿದ್ದೆನ್ನುವ ‘ಪೇರೊನ್’ ಓಟ ಅವರಲ್ಲಿತ್ತು. ಆಮೇಲೆ ಎಲ್ಲವೂ ಬೇಗ ನಡೆಯಿತು. 1986ರ ವ್ಯಾಂಕೂವರ್ ಎಕ್ಸ್‌ಪೋದ ಮೂಲಕ ದೋಣಿಗಳು ಕೆನಡಾ ತಲುಪಿದವು, 1991ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು, 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪದಕಗಳೂ ಬಂದವು. 2018ರಲ್ಲಿ ಉತ್ತರ, ದಕ್ಷಿಣ ಕೊರಿಯಾದ ಹೆಂಗಸರು ಒಂದೇ ದೋಣಿಯಲ್ಲಿ ಕೂತು 500 ಮೀಟರ್ ಓಟದ ಚಿನ್ನ ಗೆದ್ದರು.

ಮುಖಜಭೂಮಿಯಲ್ಲಿ ಎಂಬತ್ತು ಜನ ಕೂರುವ ದೋಣಿಗಳಿದ್ದರೆ, ಕ್ರೀಡೆಯ ದೋಣಿಯಲ್ಲಿ ಇಪ್ಪತ್ತು ಜನ ಜೋಡಿಜೋಡಿಯಾಗಿ ಕೂತು ಹುಟ್ಟು ಹಾಕುತ್ತಾರೆ. ಹಿಂದೆ ಚುಕ್ಕಾಣಿ ಹಿಡಿದವನು, ಮುಂದೆ ತಂಡದ ಕಡೆ ಮುಖಮಾಡಿದ ಡೋಲಿನವನು. ಹುಟ್ಟನ್ನು ದೋಣಿಗೆ ಕಟ್ಟಿರುವುದಿಲ್ಲ, ಕೂತವರ ಮುಖ ಹೋಗುವ ದಿಕ್ಕಿಗೇ ಇರುತ್ತದೆ. ಡೋಲಿನ ತಾಳಕ್ಕೆ ಹುಟ್ಟು ಬೀಳುತ್ತದೆ ಎಂದು ದಡದಲ್ಲಿ ನಿಂತವರು ತಿಳಿಯುತ್ತಾರೆ. ಅಸಲಿಗೆ ಲಯ ಇಡುವುದು ಮುಂದಿನ ಜೋಡಿ. ಡೋಲಿನವನು ಅವರ ಹುಟ್ಟನ್ನು ನೋಡಿ ಬಡಿಯುತ್ತಾನೆ. ಮುಂದಿನವರನ್ನು ನೋಡಲಾಗದ ಹಿಂದಿನ ಸಾಲುಗಳಿಗೆ ಆ ಸದ್ದೇ ಕಣ್ಣು. ಒಬ್ಬ ಎಷ್ಟೇ ಬಲಶಾಲಿಯಾದರೂ ಅರೆಕ್ಷಣ ಮೊದಲು ಹುಟ್ಟು ಹಾಕಿದನೆಂದರೆ ಅವನ ಬಲವೇ ದೋಣಿಗೆ ಅಡ್ಡಿ.

ಹುಟ್ಟು ಹಾಕುವಾಗ ತೋಳಿಗೆ ಬೀಳುವ ಶ್ರಮವೇ ಬೇರೊಂದು ಕಥೆಗೆ ದಾರಿ ಮಾಡಿತು. ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದವರು ತೋಳಿಗೆ ಶ್ರಮ ಕೊಟ್ಟರೆ ಕೈ ಬಾತುಕೊಳ್ಳುತ್ತದೆಂದು ವೈದ್ಯರು ಎಚ್ಚರಿಸುತ್ತಿದ್ದ ಕಾಲ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ರೀಡಾವೈದ್ಯ ಡಾನ್ ಮೆಕೆಂಝಿ ಇದನ್ನು ಪರೀಕ್ಷೆಗೊಡ್ಡಲು 1996ರಲ್ಲಿ ಚಿಕಿತ್ಸೆ ಮುಗಿಸಿದ್ದ 24 ಹೆಂಗಸರನ್ನು ತರಬೇತಿ ಕೊಟ್ಟು ಡ್ರ್ಯಾಗನ್ ದೋಣಿಗೆ ಹತ್ತಿಸಿದರು. ಯಾರಲ್ಲಿಯೂ ಹೊಸದಾಗಿ ಬಾವು ಕಾಣಲಿಲ್ಲ. 1998ರಲ್ಲಿ ವರದಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಅಂದಿನಿಂದ ಇಂಥ ತಂಡಗಳು ಹಲವು ದೇಶಗಳಲ್ಲಿ ಕಟ್ಟಿಕೊಂಡಿವೆ. ಅವರಿಗೆ ಛೂ ಯುವಾನನೂ ಬೇಡ, ಊರ ಜಿದ್ದೂ ಬೇಡ. ಪಂದ್ಯ ಮುಗಿದ ಮೇಲೆ ಅವರ ದೋಣಿಗಳು ಪಕ್ಕಪಕ್ಕಕ್ಕೆ ಬಂದು ನಿಲ್ಲುತ್ತವೆ, ಸಾಲಿನವರು ಒಬ್ಬರ ದೋಣಿಯನ್ನೊಬ್ಬರು ಹಿಡಿದುಕೊಳ್ಳುತ್ತಾರೆ. ಆಮೇಲೆ ತೀರಿಕೊಂಡ ಗೆಳತಿಯರ ಹೆಸರಿನಲ್ಲಿ ಒಬ್ಬೊಬ್ಬರೂ ಒಂದೊಂದು ಗುಲಾಬಿ ಬಣ್ಣದ ಹೂವನ್ನು ನೀರಿಗೆ ಬಿಡುತ್ತಾರೆ.