ಬೆಳ್ಳಿಯ ಊರು, ಹಿಮದ ಊರು

ಬರುವ ಚಳಿಗಾಲದಲ್ಲಿ ಡೆನ್ವರಿನ ತಂಗಿಯ ಮನೆಗೆ ಹೋಗುವುದೆಂದು ನಿಶ್ಚಯವಾದಾಗ, ಆಸ್ಪೆನ್‌ಗೂ ಹೋಗಿ ಸ್ಕೀ ಮಾಡಬೇಕೆಂದು ಮಗಳು ಹಟ ಹಿಡಿದಳು. ಅಲ್ಲಿನ ಹೋಟೆಲಿನ ಒಂದು ರಾತ್ರಿಯ ಬಾಡಿಗೆಯನ್ನು ರೂಪಾಯಿಗೆ ಪರಿವರ್ತಿಸಿ ನೋಡಿ, ಲೆಕ್ಕದ ಹಾಳೆಯನ್ನು ಮಡಿಸಿಟ್ಟೆ. ಆದರೆ ಊರಿನ ಚರಿತ್ರೆಯನ್ನು ಓದತೊಡಗಿದ ಮೇಲೆ, ರೂಪಾಯಿಗೂ ಅದಕ್ಕೂ ಹಳೆಯ ಸಂಬಂಧವೊಂದಿದೆ ಎಂಬುದು ತಿಳಿಯಿತು.

ಕೊಲೊರಾಡೊದ ಈ ಕಣಿವೆ ಯೂಟ್ ಜನರ ಬೇಟೆಯ ನೆಲವಾಗಿತ್ತು. 1879ರಲ್ಲಿ ಬೆಳ್ಳಿ ಹುಡುಕುವವರು ಇಲ್ಲಿಗೆ ಬಂದರು. ಎರಡೇ ವರ್ಷಗಳಲ್ಲಿ ಯೂಟ್ ಜನರಲ್ಲಿ ಬಹುಪಾಲು ಮಂದಿಯನ್ನು ಯೂಟಾ ಪ್ರದೇಶಕ್ಕೆ ಅಟ್ಟಲಾಯಿತು. ಗಣಿಗಳ ಹಿಂದೆ ರೈಲು ಬಂತು. 1889ರಲ್ಲಿ ಹೋಟೆಲ್ ಜೆರೋಮ್ ಮತ್ತು ವೀಲರ್ ಆಪೆರಾ ಭವನ ಎದ್ದವು. 1893ರ ಹೊತ್ತಿಗೆ ಜನಸಂಖ್ಯೆ ಸುಮಾರು 12,000 ಇತ್ತೆಂದು ಅಂದಾಜು. ಅಮೆರಿಕದ ಸರ್ಕಾರವೇ 1890ರ ಕಾಯಿದೆಯಂತೆ ತಿಂಗಳಿಗೆ 45 ಲಕ್ಷ ಔನ್ಸ್ ಬೆಳ್ಳಿಯನ್ನು ಕೊಳ್ಳುತ್ತಿತ್ತು.

ಬೆಳ್ಳಿಗೆ ಇನ್ನೊಬ್ಬ ದೊಡ್ಡ ಗಿರಾಕಿಯೆಂದರೆ ಭಾರತ. ಮುಂಬಯಿ ಮತ್ತು ಕಲ್ಕತ್ತೆಯ ಟಂಕಸಾಲೆಗಳಿಗೆ ಯಾರು ಬೇಕಾದರೂ ಬೆಳ್ಳಿ ಒಯ್ದು ರೂಪಾಯಿ ಮಾಡಿಸಿಕೊಳ್ಳಬಹುದಿತ್ತು. ಆದರೆ ಯೂರೋಪಿನ ರಾಷ್ಟ್ರಗಳು ಒಂದೊಂದಾಗಿ ಚಿನ್ನಕ್ಕೆ ಹೊರಳಿದಂತೆ ಬೆಳ್ಳಿಯ ಬೆಲೆ ಇಳಿಯಿತು. ಎರಡು ಶಿಲಿಂಗಿನಷ್ಟಿದ್ದ ರೂಪಾಯಿ ಒಂದೂಕಾಲು ಶಿಲಿಂಗಿಗೆ ಕುಸಿಯಿತು. ಲಂಡನ್ನಿಗೆ ಪೌಂಡುಗಳಲ್ಲಿ ಹಣ ಕಳುಹಿಸಬೇಕಾಗಿದ್ದ ಭಾರತ ಸರ್ಕಾರ, 1893ರ ಜೂನ್ 26ರಂದು ಟಂಕಸಾಲೆಗಳ ಬಾಗಿಲನ್ನು ಸಾರ್ವಜನಿಕರ ಬೆಳ್ಳಿಗೆ ಮುಚ್ಚಿತು.

ಕೆಲವೇ ದಿನಗಳಲ್ಲಿ ನ್ಯೂಯಾರ್ಕಿನಲ್ಲಿ ಬೆಳ್ಳಿ ನೆಲಕಚ್ಚಿತು. ಅಲ್ಲಿ ಬ್ಯಾಂಕುಗಳು ಆಗಲೇ ಮುಳುಗುತ್ತಿದ್ದವು. ಆದುದರಿಂದ ಇದೊಂದೇ ಕಾರಣವೆನ್ನಲಾಗದು. ನವೆಂಬರ್ 1ರಂದು ಖರೀದಿಯ ಕಾಯಿದೆಯೂ ರದ್ದಾಯಿತು. ಆಸ್ಪೆನ್ನಿನ ಗಣಿಗಳು ಮುಚ್ಚಿದವು. 1930ರ ಜನಗಣತಿಯಲ್ಲಿ ಅಲ್ಲಿ ಉಳಿದಿದ್ದವರು 705 ಮಂದಿ.

ನಷ್ಟ ಅವರದಷ್ಟೇ ಆಗಿರಲಿಲ್ಲ. ನಮ್ಮ ರೈತನಿಗೆ ಹೆಂಡತಿಯ ಕಾಲ್ಗಡಗ, ಡಾಬುಗಳೇ ಬ್ಯಾಂಕು. ನಾಣ್ಯದ ಬೆಲೆ ನಿಂತರೂ ಒಡವೆಯ ಬೆಲೆ ನಿಲ್ಲಲಿಲ್ಲ. 1896-97ರ ಬರದಲ್ಲಿ ಬಿಜಾಪುರದ ಕಡೆಯ ಜನ ಒಡವೆ ಮಾರಲು ಹೊರಟಾಗ, ಅದೇ ತೂಕಕ್ಕೆ ಹಿಂದಿಗಿಂತ ಕಡಿಮೆ ರೂಪಾಯಿ ದೊರೆಯಿತು. ಬೆಳ್ಳಿಯ ಬೆಲೆ ಏಕೆ ಬಿದ್ದಿತೆಂದು ಅವರಿಗೆ ಹೇಳುವವರು ಯಾರಿದ್ದರು?

ಆಸ್ಪೆನ್ನನ್ನು ಮತ್ತೆ ಎಬ್ಬಿಸಿದ್ದು ಹಿಮ. 1930ರ ದಶಕದಲ್ಲಿ ಸ್ವಿಸ್ ಪರ್ವತಾರೋಹಿ ಆಂಡ್ರೆ ರೋಶ್ ಇಳಿಜಾರುಗಳನ್ನು ಗುರುತಿಸಿದ. ಯುದ್ಧದ ಬಳಿಕ ಷಿಕಾಗೋದ ಉದ್ಯಮಿ ವಾಲ್ಟರ್ ಪೇಪ್ಕಿ ಬಂಡವಾಳ ತಂದ. 1947ರ ಜನವರಿಯಲ್ಲಿ ಕುರ್ಚಿ-ಲಿಫ್ಟ್ ಅಧಿಕೃತವಾಗಿ ಆರಂಭವಾಯಿತು. 1949ರಲ್ಲಿ ಗಯಟೆಯ ದ್ವಿಶತಮಾನೋತ್ಸವಕ್ಕೆ ಆಲ್ಬರ್ಟ್ ಶ್ವೈಟ್ಸರ್ ಅಲ್ಲಿಗೆ ಬಂದರು. ಇಂದು ಮನೆಗಳ ಬೆಲೆ ಎಷ್ಟೇರಿದೆಯೆಂದರೆ, ಹೋಟೆಲುಗಳಲ್ಲಿ ಹಾಸಿಗೆ ಹಾಸುವವರಲ್ಲಿ ಹಲವರು ಕಣಿವೆಯ ಕೆಳಗಿನ ಊರುಗಳಿಂದ ಬಸ್ಸಿನಲ್ಲಿ ಬಂದುಹೋಗುತ್ತಾರೆ.

ನಾವೂ ಹಾಗೆಯೇ ಮಾಡುವುದೆಂದು ತೀರ್ಮಾನಿಸಿದ್ದೇವೆ: ಕೆಳಗಿನ ಗ್ಲೆನ್‌ವುಡ್ ಸ್ಪ್ರಿಂಗ್ಸ್‌ನಲ್ಲಿ ತಂಗಿ, ಬೆಳಗಿನ ಬಸ್ಸು ಹಿಡಿಯುವುದು. ವಿದೇಶಯಾತ್ರೆಗೆ ಕಚೇರಿಯ ಅನುಮತಿಪತ್ರ ಇನ್ನೂ ಬರಬೇಕಾಗಿದೆ. ಅಲ್ಲಿಯವರೆಗೆ ದಿನವೂ ಫೋರ್ಟಿನಲ್ಲಿ, ರಿಸರ್ವ್ ಬ್ಯಾಂಕಿನ ಎದುರಿಗಿರುವ ಹಳೆಯ ಟಂಕಸಾಲೆಯ ಮುಂದೆಯೇ ನಡೆದುಹೋಗುತ್ತೇನೆ. ಇಷ್ಟು ವರ್ಷ ಅದನ್ನು ಕತ್ತೆತ್ತಿ ನೋಡಿರಲಿಲ್ಲ.